ದೊಡ್ಡವ್ವನ ಎಡಗಾಲಿನ ಅಳತೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಕಸುಬಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರಂತೂ ಮುಗಿದೇ ಹೋಯಿತು. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದರಲ್ಲಿ ಈ ಸಿಟ್ಟಿಗೂ ಪಾಲಿದೆ.

ಅಕ್ಕಿಆಲೂರಿನ ಸಂತೆಯ ಬದಿಗೆ ನನ್ನದೊಂದು ಚಪ್ಪಲಿ ಅಂಗಡಿ. ಅಂಗಡಿ ಎಂದರೆ ನಾನು, ಒಂದು ಮಣೆ, ಗೋಡೆಗೆ ನಾಲ್ಕಾರು ಗೂಟ. ಹರಿದ ಪಟ್ಟಿ ಹೊಲಿಯುವುದು ಹೊಟ್ಟೆಪಾಡು. ಮನಸ್ಸಿಟ್ಟು ಮಾಡುವ ಕೆಲಸ ಬೇರೆ: ಕುಷ್ಠರೋಗ ಬಂದು ವಾಸಿಯಾದವರಿಗೆ ಮೆತ್ತನೆಯ ರಬ್ಬರಿನ ಚಪ್ಪಲಿ. ಮಾತ್ರೆ ತಿಂದರೆ ರೋಗ ಹೋಗುತ್ತದೆ. ಸತ್ತುಹೋದ ನರ ಮಾತ್ರ ಮರಳಿ ಬರುವುದಿಲ್ಲ. ಮುಳ್ಳು ಹೊಕ್ಕರೂ, ಬೊಬ್ಬೆ ಎದ್ದು ಒಡೆದರೂ ಆ ಕಾಲಿಗೆ ತಿಳಿಯದು. ಅದಕ್ಕೇ ಅವರ ಚಪ್ಪಲಿಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ, ಎಲ್ಲವನ್ನೂ ಅಂಟಿಸಿ, ಹೊಲಿದು ಮುಗಿಸಬೇಕು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಚೀಲದಲ್ಲಿ ಖಾಕಿ ಕಾಗದ, ಪೆನ್ಸಿಲ್ ಇಟ್ಟುಕೊಂಡು ಬಸ್ಸಿನಲ್ಲಿ ಅಲೆಯುತ್ತಿದ್ದೆ. ಕಾಗದದ ಮೇಲೆ ಅವರನ್ನು ನಿಲ್ಲಿಸಿ, ಪಾದದ ಸುತ್ತ ಗೆರೆ ಎಳೆದು, ಮೂಲೆಯಲ್ಲಿ ತಾರೀಖು ಬರೆದು ತಂದು ಗೂಟಕ್ಕೆ ಸಿಕ್ಕಿಸುತ್ತಿದ್ದೆ.

ಈ ಕೆಲಸ ನಾನು ಕಲಿತದ್ದೇ ದೊಡ್ಡವ್ವನಿಗಾಗಿ. ಅವಳು ನಮ್ಮ ಅವ್ವನ ಅಕ್ಕ. ಅವ್ವ ತೀರಿಕೊಂಡಾಗ ನಾನು ಮೂರನೆಯ ಇಯತ್ತೆಯಲ್ಲಿದ್ದೆ. ದೊಡ್ಡವ್ವ ನನ್ನನ್ನು ತಿಳವಳ್ಳಿಗೆ ಕರೆದೊಯ್ದು ಸಾಕಿದಳು. ಅಷ್ಟರಲ್ಲಿ ಅವಳಿಗೆ ಆ ಬೇನೆ ಬಂದು ಹೋಗಿತ್ತು. ಗಂಡನೂ ಹೋಗಿದ್ದ, ಬೇರೆ ಹೆಂಡತಿಯನ್ನು ಹುಡುಕಿಕೊಂಡು. ದೊಡ್ಡವ್ವನ ಮುಖ ಚೆನ್ನಾಗಿತ್ತು, ಕೈಗಳು ಚೆನ್ನಾಗಿದ್ದವು. ಎಡಗಾಲಿನ ಹಿಮ್ಮಡಿಯ ಪಕ್ಕದಲ್ಲಿ ಮಾತ್ರ ಒಂದು ಹುಣ್ಣು. ಒಣಗಿದಂತೆ ಮಾಡಿ ಮತ್ತೆ ಬಾಯಿ ತೆರೆಯುತ್ತಿತ್ತು.

ಅಕ್ಕಿಆಲೂರಿನ ಸಂತೆಯಲ್ಲಿ ಅವಳು ಮೆಂತ್ಯ, ಕೊತ್ತಂಬರಿ, ರಾಜಗಿರಿ ಮಾರುತ್ತಿದ್ದಳು. ಆಸ್ಪತ್ರೆಯಲ್ಲಿ ಕೊಟ್ಟ ಕರಿಯ ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು ಬರಿಗಾಲಲ್ಲಿ ಬರುತ್ತಿದ್ದಳು. ಬೈದರೆ, “ಆ ಚಪ್ಪಲಿ ಎಂಥಾದ್ದಂತ ಎಲ್ಲಾರಿಗೂ ಗೊತ್ತೈತಿ. ಅದನ್ನ ಹಾಕ್ಕೊಂಡ ಕುಂತ್ರ ನನ್ನ ಕೈಯಾನ ಪಲ್ಲೆ ಯಾರ ತಗೋತಾರೋ?” ಎನ್ನುತ್ತಿದ್ದಳು.

ನಾನು ಆ ಆಸ್ಪತ್ರೆಗೇ ಹೋಗಿ ಕೆಲಸ ಕಲಿತೆ. ಬಂದವನೇ ಆ ಮೆತ್ತನೆಯ ರಬ್ಬರನ್ನು ಕಂದು ತೊಗಲಿನೊಳಗೆ ಅಡಗಿಸಿ, ಪಟ್ಟಿಯ ಮೇಲೆ ಕೆಂಪು ದಾರದ ಹೂವು ಹಾಕಿ, ನೋಡುವವರಿಗೆ ಪ್ಯಾಟೆಯ ಚಪ್ಪಲಿ ಎನ್ನಿಸುವಂತೆ ಮಾಡಿಕೊಟ್ಟೆ. ಪಕ್ಕದಲ್ಲಿ ಕೂತ ಮೆಣಸಿನಕಾಯಿಯವಳು ಎಲ್ಲಿ ಕೊಂಡದ್ದೆಂದು ಕೇಳಿದಳಂತೆ. ದೊಡ್ಡವ್ವ ಆ ದಿನ ಅಂಗಡಿಗೆ ಬಂದು ನನ್ನ ಗಲ್ಲ ಹಿಂಡಿ ಹೋದಳು. ಆಗ ನನಗೆ ಮೀಸೆ ಬಂದಿತ್ತು. ನಾಚಿಕೆಯಾಯಿತು, ಖುಷಿಯೂ ಆಯಿತು. ಅಂದಿನಿಂದ ಅವಳು ಬೇರೆ ಚಪ್ಪಲಿ ಮುಟ್ಟಲಿಲ್ಲ.

ಮೂರು ವರ್ಷದ ಹಿಂದೆ ಒಂದು ಸಂತೆಯ ದಿನ ಬಂದು ಮಣೆಯ ಮೇಲೆ ಕಾಲು ಚಾಚಿದಳು. “ಚಪ್ಪಲ್ಯಾಗ ಕಾಲ ಹಿಡಸವಲ್ದು ನೋಡಪ್ಪ,” ಎಂದಳು. ಹುಣ್ಣಿನ ಅಂಚಿನಲ್ಲಿ ಮಾಂಸ ಉಬ್ಬಿತ್ತು, ಹೂಕೋಸಿನ ತುಣುಕಿನ ಹಾಗೆ.

“ನೋವೈತೇನ ದೊಡ್ಡವ್ವಾ?” ಎಂದು ಕೇಳಿದೆ.

“ಏನೂ ಇಲ್ಲೋ ಮಗನ.”

ಸಾವಿರ ಸಲ ಊರೂರಿಗೆ ಹೋಗಿ ಹೇಳಿದವನು ನಾನು: ಈ ಕಾಲುಗಳಿಗೆ ನೋವು ತಿಳಿಯುವುದಿಲ್ಲ, ದಿನಾ ಕಣ್ಣಿನಿಂದ ನೋಡಿಕೊಳ್ಳಿರಿ ಎಂದು. ಅಂಥವನು ಆ ಕಾಲನ್ನೇ ನೋವಿದೆಯೇ ಎಂದು ಕೇಳಿ, ಇಲ್ಲವೆಂದದ್ದಕ್ಕೆ ಸಮಾಧಾನಪಟ್ಟುಕೊಂಡೆ. ಹೊಸದಾಗಿ ಅಳತೆ ತೆಗೆದೆ. ಉಬ್ಬಿಗೆ ಒತ್ತಡ ಬೀಳಬಾರದೆಂದು ರಬ್ಬರಿನಲ್ಲಿ ಅಷ್ಟಗಲ ಒಂದು ಗುಣಿ ತೋಡಿದೆ. ಅವಳು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, “ಈಗ ಬರೋಬ್ಬರಿ ಆತು,” ಎಂದು ಬಸ್ಸಿಗೆ ಹೋದಳು.

ಎರಡು ತಿಂಗಳಿಗೆ ಮತ್ತೆ ಬಂದಳು. ಮತ್ತೆ ಅಳತೆ ತೆಗೆದು ಗುಣಿಯನ್ನು ದೊಡ್ಡದು ಮಾಡಿದೆ. ಹೀಗೇ ಇನ್ನೆರಡು ಸಲ ಬಂದು ಅಳತೆ ಕೊಟ್ಟಳು. ಐದನೆಯ ಸಲ ಹೊಸ ತಳವನ್ನೇ ಕೊಯ್ದು, ಹೊರಬದಿಗೆ ಒಂದು ಬೆರಳು ಅಗಲ ಬಿಟ್ಟು, ಹೊರಗೆ ಕಾಣದಂತೆ ತೊಗಲು ಮಡಚಿ ಹೊಲಿದೆ. ಸುಳ್ಳೇಕೆ, ಆ ಹೊಲಿಗೆಯನ್ನು ನೋಡಿ ನಾನೇ ಬೀಗಿದ್ದೆ.

ಆ ಹೊತ್ತಿಗೆ ತಿಳವಳ್ಳಿಯ ಆಶಾ ಕಾರ್ಯಕರ್ತೆ ಅಂಗಡಿಗೆ ಬಂದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು. “ಅಣ್ಣಾರ, ನಿಮ್ಮ ದೊಡ್ಡವ್ವಂದು ಬರೇ ಹುಣ್ಣಲ್ರಿ. ಮಾಂಸ ಬೆಳ್ಯಾಕತ್ತೈತಿ, ವಾಸನಿ ಬರಾಕತ್ತೈತಿ. ನಾ ಹೇಳಿದ್ರ ಕೇಳವಲ್ರು. ದೊಡ್ಡ ದವಾಖಾನಿಗೆ ನೀವ ಕರ್ಕೊಂಡ ಹೋಗ್ರಿ,” ಎಂದಳು.

“ನೀ ಹುಟ್ಟೂಕಿಂತ ಮೊದ್ಲಿಂದ ನಾ ಇಂಥಾ ಕಾಲ ನೋಡಾಕತ್ತೇನಿ,” ಎಂದೆ. “ನಿನ್ನ ಕೆಲ್ಸ ನೀ ನೋಡ್ಕೊಳವಾ.”

ಅವಳು ಮುಖ ಸಣ್ಣದು ಮಾಡಿಕೊಂಡು ಹೋದಳು. ಸರಿಯಾದದ್ದನ್ನೇ ಹೇಳಿದ್ದಳು. ಅವಳ ಮಾತು ಕೇಳಿದ್ದರೆ ಎಂದು ಈಗಲೂ ತೊಗಲು ಕೊಯ್ಯುವ ರಂಪಿಗೆಯನ್ನು ಕೈಯಲ್ಲಿ ಹಿಡಿದವನು ಹಾಗೇ ಕೂತುಬಿಡುತ್ತೇನೆ.

ಗುಣಿಯ ತುಂಬ ರಕ್ತ ತುಂಬಿಕೊಂಡ ಚಪ್ಪಲಿಯನ್ನು ದೊಡ್ಡವ್ವ ಒಂದು ದಿನ ಚೀಲದಲ್ಲಿ ತಂದಳು. ತೊಳೆದು ಕೊಡು ಎಂದು. ತೊಡೆಯ ಸಂದಿಯಲ್ಲೊಂದು ಗಂಟಾಗಿದೆ ಎಂದೂ ಹೇಳಿದಳು. ಮರುದಿನವೇ ದೂರದ ಆಸ್ಪತ್ರೆಗೆ ಹೊರಡಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. “ಅಲ್ಲೇ ಇಟ್ಕೋತಾರೋ, ನನ್ನ ಬಿಟ್ಟ ಬರಬ್ಯಾಡ,” ಎನ್ನುತ್ತಿದ್ದಳು. ಹಿಂದೆ ಬೇನೆ ಬಂದಾಗ ಮನೆಯವರು ಹಾಗೆಯೇ ಬಿಟ್ಟು ಬಂದಿದ್ದರು.

ಡಾಕ್ಟರಮ್ಮ ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಹಳೆಯ ಹುಣ್ಣಿನಲ್ಲಿ ಒಮ್ಮೊಮ್ಮೆ ಮಾಂಸ ಸುಮ್ಮನೆ ಹೆಚ್ಚಾಗಿ ಬೆಳೆಯುವುದುಂಟು, ಒಮ್ಮೊಮ್ಮೆ ಅದೇ ಕ್ಯಾನ್ಸರ್ ಆಗುವುದುಂಟು, ಕಣ್ಣಿನಿಂದ ನೋಡಿ ಹೇಳಲಾಗದು ಎಂದರು. ಫಲಿತಾಂಶ ಬರುವ ತನಕ ಆ ಮೊದಲನೆಯ ಮಾತನ್ನೇ ಹಿಡಿದುಕೊಂಡು ಕಾದೆ. ಬಂದದ್ದು ಎರಡನೆಯದು. ಮೊಣಕಾಲ ಕೆಳಗೆ ತೆಗೆಯಬೇಕು ಎಂದರು.

“ಯಾವಾಗಿಂದ ಬೆಳೀತಾ ಇದೆ?” ಎಂದು ಕೇಳಿದರು.

ನನ್ನ ಲೆಕ್ಕ ಯಾವತ್ತೂ ತಪ್ಪುವುದಿಲ್ಲ ಎಂಬ ಜಂಬ ಆಗಲೂ ಹೋಗಿರಲಿಲ್ಲ. ಹೊರಡುವಾಗ ಗೂಟದಿಂದ ತೆಗೆದು ಇಟ್ಟುಕೊಂಡಿದ್ದ ಎಡಗಾಲಿನ ಹಾಳೆಗಳನ್ನು ಚೀಲದಿಂದ ತೆಗೆದುಕೊಟ್ಟೆ. ಐದಿದ್ದವು. ಅವರು ಒಂದರ ಪಕ್ಕ ಒಂದು ಮೇಜಿನ ಮೇಲೆ ಹರಡಿದರು. ಮೊದಲನೆಯದರಲ್ಲಿ ಹಿಮ್ಮಡಿಯ ಗೆರೆ ಅವರೆಕಾಳಿನಷ್ಟು ಉಬ್ಬಿತ್ತು. ಐದನೆಯದರಲ್ಲಿ ಅದು ಪಾದದ ಆಕಾರವನ್ನೇ ಕೆಡಿಸಿತ್ತು. ಐದಕ್ಕೂ ತಾರೀಖು, ನನ್ನದೇ ಅಕ್ಷರ.

“ಪ್ರತಿ ಸಲ ನೀವೇ ಬರೆದದ್ದಾ?”

“ಹೌದ್ರಿ.”

ಅವರು ಹಾಳೆಗಳನ್ನು ಮಡಚಿ ನನ್ನ ಕೈಗೇ ಕೊಟ್ಟರು. ಕೆನ್ನೆಗೆ ಎರಡು ಬಿಗಿದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಕಾಲು ತೆಗೆದರು. ತೊಡೆಯ ಸಂದಿಯ ಗಂಟಿನಲ್ಲೂ ಅದೇ ಇತ್ತು. ಆಮೇಲೆ ನಾಲ್ಕು ತಿಂಗಳು ನನ್ನ ಮನೆಯಲ್ಲಿದ್ದಳು, ಯುಗಾದಿಗೆ ಇರಲಿಲ್ಲ. ಈಗ ನಾನು ಯಾರ ಪಾದವನ್ನೂ ಅಡಿಮೇಲು ಮಾಡಿ ನೋಡದೆ ಕಾಗದದ ಮೇಲೆ ಇಡಿಸುವುದಿಲ್ಲ. ಕಾಳಿನಷ್ಟು ಉಬ್ಬು ಕಂಡರೂ ಚಪ್ಪಲಿ ಮಾಡಿಕೊಡುವುದಿಲ್ಲ, ಬೈದಾದರೂ ಬಸ್ಸು ಹತ್ತಿಸುತ್ತೇನೆ. ತಿಳವಳ್ಳಿಯ ಆ ಹೆಣ್ಣುಮಗಳ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ದೊಡ್ಡವ್ವನಿಗೆ ಮಾತ್ರ ಹೇಳಲಾಗಲಿಲ್ಲ.

ಹೇಳಬೇಕೆಂದು ಹೋಗಿದ್ದೆ. ಆಪರೇಷನ್ನಾಗಿ ಒಂದು ವಾರವಾಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವಳು ಪಕ್ಕದ ಹಾಸಿಗೆಯ ಮುದುಕಿಗೆ ನನ್ನನ್ನು ತೋರಿಸಿದಳು. ಉಳಿದಿದ್ದ ಬಲಗಾಲಿನ ಚಪ್ಪಲಿಯನ್ನು ದಿಂಬಿನ ಪಕ್ಕದಿಂದ ತೆಗೆದು, ಕೆಂಪು ದಾರದ ಹೂವಿನ ಮೇಲೆ ಕೈಯಾಡಿಸಿದಳು.

“ಇವನ ನೋಡವಾ ನಮ್ಮ ಹುಡುಗ, ಇದನ್ನ ಮಾಡಿದಾಂವ,” ಎಂದಳು. “ಇಂವ ಮಾಡಿಕೊಟ್ಟ ಚಪ್ಪಲಿ ಇದ್ದಿರ್ಲಿಲ್ಲಂದ್ರ ನಾ ಯಾವಾಗ್ಲೋ ದವಾಖಾನಿಗೆ ಬರಬೇಕಾಗ್ತಿತ್ತು.”

ಆ ಮುದುಕಿ ಚಪ್ಪಲಿಯನ್ನು ತಿರುವಿ ಮುರುವಿ ನೋಡಿ, ಭಾಳ ಚಲೋ ಮಾಡೀರಿ ಎಂದಳು. ನಾನು ಹೂಂ ಎಂದೆ.