ಆರ್ಚ್‌ಬಿಷಪ್ಪರ ಮೇಲೆ ಬಿದ್ದ ಮೂಳೆಗಳು

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಐವತ್ತರ ದಶಕದ ಕೊನೆ. ನಾನು ದಂಡಿನ (ಕಂಟೋನ್ಮೆಂಟ್) ಕಡೆಯ ಕಾನ್ವೆಂಟಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹದಿನೈದು ತುಂಬುವ ಹೊತ್ತಿಗೆ ಮೈಸೂರಿನಿಂದ ಒಂದು ಸಂಬಂಧ ಬಂತು. ಅಣ್ಣ, ಅಂದರೆ ನಮ್ಮ ತಂದೆ, ಒಪ್ಪಿಯೇಬಿಟ್ಟಿದ್ದರು. ನಾನು ಊಟ ಬಿಟ್ಟು ಅತ್ತಾಗ ಸ್ವಲ್ಪ ಕರಗಿದರು.

"ಸರಿ, ಸ್ಕೂಲಿನ ಎಲೊಕ್ಯೂಷನ್ ಕಾಂಪಿಟಿಷನ್‌ನಲ್ಲಿ ಫಸ್ಟ್ ಪ್ರೈಜ್ ತಗೊಂಡು ಬಾ. ಸ್ಕೂಲ್ ಮುಗಿಯೋವರೆಗೂ ಮದುವೆ ಮಾತೆತ್ತಲ್ಲ. ಬರಲಿಲ್ವೋ, ಭಾನುವಾರ ಅವರು ನಿನ್ನ ನೋಡೋಕೆ ಬರ್ತಾರೆ."

ಸಿಸ್ಟರ್ ಒಬ್ಬೊಬ್ಬರಿಗೆ ಒಬ್ಬೊಬ್ಬ ಸಂತರ ಕಥೆ ಹೇಳಿದ್ದರು. ಅದನ್ನು ನಮ್ಮದೇ ಮಾತಿನಲ್ಲಿ, ಇಂಗ್ಲಿಷಿನಲ್ಲಿ, ಸ್ಟೇಜಿನ ಮೇಲೆ ಹೇಳಬೇಕು. ನನ್ನ ಪಾಲಿಗೆ ಬಂದವರು ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಒಬ್ಬ ಆಂಗ್ಲೋ-ಸ್ಯಾಕ್ಸನ್ ಆರ್ಚ್‌ಬಿಷಪ್. ದಿನವೂ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯ ಮುಂದೆ ನಿಂತು ಕನ್ನಡದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೆ. ಚಿಕ್ಕವಯಸ್ಸಿನಲ್ಲೇ ವಿಧವೆ ತಾಯಿಯನ್ನು ಬಿಟ್ಟು ಮಠ ಸೇರಿದ್ದು, ಒಂದು ಪುಟ್ಟ ಕೋಣೆಯಲ್ಲಿ ಒಬ್ಬರೇ ಜಪದಲ್ಲಿ ಇದ್ದದ್ದು, ಆಮೇಲೆ ಬಿಷಪ್ ಆಗಿ ಕಡೆಗೆ ಆರ್ಚ್‌ಬಿಷಪ್ ಆದದ್ದು.

"ನಮ್ಮ ಸ್ವಾಮಿಗಳ ಹಾಗೇ ಅನ್ನು," ಎಂದು ಅಜ್ಜಿ ಕೈಮುಗಿದರು.

ಕಥೆ ಮುಂದುವರಿಸಿದೆ. ಕಡಲು ದಾಟಿ ಬಂದ ದಾಳಿಕೋರರಾದ ಡೇನರು ಊರಿಗೆ ಮುತ್ತಿಗೆ ಹಾಕಿ ಅವರನ್ನು ಹಿಡಿದೊಯ್ದರು. ಹಣ ಕೊಟ್ಟರೆ ಬಿಡುತ್ತೇವೆ ಎಂದರು. ಬಡವರನ್ನು ಹಿಂಡಿ ನನ್ನನ್ನು ಬಿಡಿಸಬೇಡಿ ಎಂದು ಆರ್ಚ್‌ಬಿಷಪ್ ಹೇಳಿಕಳಿಸಿದರು. ಕುಡಿದು ಊಟಕ್ಕೆ ಕೂತಿದ್ದ ಡೇನರಿಗೆ ರೇಗಿಹೋಗಿ, ಅವರನ್ನು ಎಳೆತಂದು ಮೂಳೆಗಳಿಂದ ಹೊಡೆದರು.

"ಊಟದ ಜಾಗಕ್ಕೆ ಮೂಳೆ ಎಲ್ಲಿಂದ ಬಂತೇ?" ಎಂದು ಕೇಳಿದರು ಅಜ್ಜಿ.

ನನಗೂ ಗೊತ್ತಿರಲಿಲ್ಲ. ಈಗ ಹೇಳಿದರೆ ನಂಬುವುದು ಕಷ್ಟವೇ. ಆದರೆ ಕಾನ್ವೆಂಟಿನಲ್ಲೂ ನಾವು ನಾಲ್ಕೈದು ಬ್ರಾಹ್ಮಣ ಹುಡುಗಿಯರು ಬೇರೆ ಮರದ ಕೆಳಗೆ, ಬೆನ್ನು ತಿರುಗಿಸಿ ಊಟಕ್ಕೆ ಕೂರಬೇಕೆಂದು ಮನೆಯಲ್ಲಿ ಕಟ್ಟಪ್ಪಣೆ. ಬೇರೆಯವರ ತಟ್ಟೆಯಲ್ಲಿ ಕಡೆಗೆ ಏನು ಉಳಿಯುತ್ತದೆಂದು ನಾನು ನೋಡಿದವಳೇ ಅಲ್ಲ. ಮೂಳೆ ಎಂದರೆ ನನಗೆ ಸ್ಮಶಾನ, ಅಸ್ಥಿ, ಅಷ್ಟೇ.

"ಸ್ಮಶಾನದಿಂದ ತಂದಿರಬೇಕು ಅಜ್ಜಿ."

"ಶಿವ ಶಿವ! ಎಂಥಾ ಪಾಪಿಗಳು," ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಕೇಳಿದವರು ಅತ್ತರೆ ಪ್ರೈಜ್ ನನ್ನದೇ ಎಂದುಕೊಂಡೆ.

ಶುಕ್ರವಾರ ಹಾಲ್ ತುಂಬಿತ್ತು. ಜಡ್ಜ್ ಒಬ್ಬ ವಯಸ್ಸಾದ ಐರಿಷ್ ಫಾದರ್. ನಾನು ಚೆನ್ನಾಗಿಯೇ ಹೇಳುತ್ತಿದ್ದೆ. ಸಿಸ್ಟರ್ ತಲೆದೂಗುತ್ತಿದ್ದರು. ಡೇನರು ಊಟ ಬಿಟ್ಟೆದ್ದು ಆರ್ಚ್‌ಬಿಷಪ್ಪರನ್ನು ಸ್ಮಶಾನಕ್ಕೆ ಎಳೆದೊಯ್ದರು, ಗೋರಿಗಳನ್ನು ಅಗೆದು ಸತ್ತವರ ಮೂಳೆ ತೆಗೆದರು ಎನ್ನುತ್ತಾ, ಅಜ್ಜಿ ಅತ್ತ ಜಾಗದಲ್ಲಿ ದನಿ ನಡುಗಿಸಿದೆ. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಹಾಲ್.

"ನೋ, ನೋ, ಮೈ ಚೈಲ್ಡ್," ಎಂದರು ಫಾದರ್, ನಗು ತಡೆದುಕೊಂಡು. "ಅದು ಅವರ ಡಿನ್ನರ್! ದೇ ಹ್ಯಾಡ್ ಈಟನ್ ಆನ್ ಆಕ್ಸ್!"

ಮುಂದಿನ ಸಾಲಿನಿಂದ ನನ್ನ ಕ್ಲಾಸಿನ ಒಬ್ಬ ಆಂಗ್ಲೋ-ಇಂಡಿಯನ್ ಹುಡುಗಿ ಕೂಗಿದಳು: "ವಾಟ್ ಮೆನ್, ದೇ ವರ್ ಈಟಿಂಗ್ ಕರ್ಡ್ ರೈಸ್ ಆರ್ ವಾಟ್?"

ಆಕ್ಸ್ ಎಂದರೆ ಎತ್ತು. ಅದನ್ನು ತಿಂದು ಉಳಿದ ಮೂಳೆಗಳವು. ಕಥೆಯಲ್ಲಿ ಇನ್ನೂ ಕಡೆಯ ಕೊಡಲಿ ಏಟು, ಸಾವು, ಪ್ರಾರ್ಥನೆ, ಎಲ್ಲ ಬಾಕಿ ಇತ್ತು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ಸಿಸ್ಟರ್ ಬಂದು ಭುಜ ಹಿಡಿದು ಕೆಳಗಿಳಿಸಿದರು.

ಮನೆಗೆ ಬಂದರೆ ಅಣ್ಣ ಬಾಗಿಲಲ್ಲೇ ಕೂತಿದ್ದರು. "ಏನಾಯ್ತು?"

"ಬರಲಿಲ್ಲ ಅಣ್ಣ. ಇನ್ನೊಂದು ಚಾನ್ಸ್ ಕೊಡಿ ಅಣ್ಣ, ಎಕ್ಸಾಮಲ್ಲಿ ನೋಡಿ," ಎಂದು ಕಾಲು ಹಿಡಿದುಕೊಂಡೆ.

"ಏಳು, ಏಳು. ಕಾಲ್ ಹಿಡಿಯೋ ಅಂಥದ್ದು ಏನಾಗಿದೆ ಈಗ? ನಾನು ಮಾತು ಕೊಟ್ಟಾಯ್ತು." ಸಿಟ್ಟಿರಲಿಲ್ಲ ಅವರಿಗೆ. ಇದ್ದಿದ್ದರೆ ಇಳಿಯುತ್ತದೆಂದು ಕಾಯಬಹುದಿತ್ತು.

"ಮಗೂನ ಇನ್ನೊಂದ್ ವರ್ಷ ಬಿಡೋ," ಎಂದರು ಅಜ್ಜಿ ಒಳಗಿನಿಂದ. ಅಣ್ಣ ಪೇಪರ್ ಬಿಡಿಸಿದರು.

ಭಾನುವಾರ ಅವರು ಬಂದರು, ಉಪ್ಪಿಟ್ಟು ತಿಂದರು, ಒಪ್ಪಿದರು. ಸೋಮವಾರ ಬೆಳಿಗ್ಗೆ ನನ್ನ ಯೂನಿಫಾರ್ಮ್ ಒಗೆಯದೆ ಬಿದ್ದಿತ್ತು. "ಇನ್ಯಾಕೆ ಅದು?" ಎಂದರು ಅಮ್ಮ. ಮಾಸಲನ್ನೇ ಹಾಕಿಕೊಂಡು, ಜಡೆ ಮಡಚಿ ಕಟ್ಟಿ, ಗೇಟಿನ ಹತ್ತಿರ ನಿಂತೆ. ಯಾರೂ ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬಸ್ಸು ತಿರುವಿನಲ್ಲಿ ಒಂದು ಗಳಿಗೆ ನಿಂತು, ನನ್ನನ್ನು ಬಿಟ್ಟು ಹೊರಟುಹೋಯಿತು.