ಅಕ್ಕನ ನಾಲಿಗೆಗೆ ಬಜೆ

ಇಂಗ್ಲಿಷನ್ನು ಬಾಯಿಯ ಮೂಲಕ ಒಳಕ್ಕೆ ಇಳಿಸಬಹುದೆಂದು ಹಿರಿಯರು ನಂಬಿದ್ದ ದಿನಗಳು ಅವು. ಕಿವಿಯಿಂದ ಇಳಿಸುವುದು ಮೇಷ್ಟ್ರ ಕೆಲಸ, ಬಾಯಿಂದ ಇಳಿಸುವುದು ನಮ್ಮ ಅಜ್ಜಿಯ ಕೆಲಸ. ಎರಡನ್ನೂ ಉಂಡವನಾದ್ದರಿಂದ ಇಂದಿಗೂ ಇಂಗ್ಲಿಷ್ ವ್ಯಾಕರಣದ ಪುಸ್ತಕ ಕಂಡರೆ ನನ್ನ ಕೈ ತಾನಾಗಿ ಮೂಗಿಗೆ ಹೋಗುತ್ತದೆ.

ನಮ್ಮದು ಯಗಟಿ ಕಡೆಯ ಹಳ್ಳಿ. ಅಕ್ಕ ನಾಗವೇಣಿ ಏಳನೇ ಕ್ಲಾಸು, ನಾನು ಐದು. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಬೀದಿಯುದ್ದಕ್ಕೂ ಹುಣಸೆಹಣ್ಣು ಕುಟ್ಟುವ ಸದ್ದು, ಗಾಳಿ ತಿರುಗಿದರೆ ಕುರಿರೊಪ್ಪದ ವಾಸನೆ. ಆ ವರ್ಷ ಅಪ್ಪ ಒಂದು ತೀರ್ಪು ಕೊಟ್ಟಿದ್ದರು: ಇಂಗ್ಲಿಷಿನಲ್ಲಿ ಪಾಸಾದರೆ ಅಕ್ಕ ಕಡೂರಿನ ಹೈಸ್ಕೂಲಿಗೆ, ಫೇಲಾದರೆ ಮನೆಯಲ್ಲೇ. ಅಪ್ಪ ಕೆಟ್ಟವರಲ್ಲ. ಹೆಣ್ಣುಮಗಳನ್ನು ದಿನವೂ ಬಸ್ಸಿನಲ್ಲಿ ಕಳಿಸಲು ಮನಸ್ಸಿರಲಿಲ್ಲ, ಬೇಡವೆನ್ನಲು ಬಾಯಿರಲಿಲ್ಲ. ಆ ಕೆಲಸವನ್ನು ಇಂಗ್ಲಿಷಿಗೆ ವಹಿಸಿ ಕೈತೊಳೆದುಕೊಂಡಿದ್ದರು.

ನಮ್ಮ ನಂಜುಂಡಪ್ಪ ಮೇಷ್ಟ್ರ ಪ್ರಕಾರ ಇಂಗ್ಲಿಷಿನ ಕ್ರಿಯಾಪದಗಳಲ್ಲಿ ಎರಡು ಜಾತಿ, ಸಾಧು ದನ ಮತ್ತು ಹಾಯುವ ದನ. ಹಾಯುವವು ಹೈಸ್ಕೂಲಿನವರಿಗೆ. ನಮಗೆ ಸಾಧುವೇ ಸಾಕು: ಆಗಿಹೋದದ್ದಕ್ಕೆ ‘ಇಡಿ’ ಎಂಬ ಬಾಲ, ಆಗುತ್ತಿರುವುದಕ್ಕೆ ‘ಇಂಗ್’ ಎಂಬ ಬಾಲ, ಆಗಬೇಕಾದದ್ದಕ್ಕೆ ಬಾಲವಿಲ್ಲ, ಮುಂದೆ ‘ವಿಲ್’ ಎಂಬ ಮೂಗುದಾರ. ಈ ಮಂದೆಯನ್ನು ಬೆಳಿಗ್ಗೆ ಸಂಜೆ ಎಲ್ಲರೂ ರಾಗವಾಗಿ ಹೊಡೆದುಕೊಂಡು ಹೋಗಬೇಕಿತ್ತು.

ಅಕ್ಕ ಬರೆಯುವುದರಲ್ಲಿ ಚುರುಕು. ಬಾಯಿಯದೇ ತೊಂದರೆ. ಜಗಲಿಯ ಮೇಲೆ ಕೂತು ‘ವಾಕು, ವಾಕೆಡ್ಡು, ವಾಕಿಂಗು’ ಎಂದು ಉರು ಹೊಡೆಯುತ್ತಿದ್ದಳು. ನಮ್ಮ ಕಡೆಯ ನಾಲಿಗೆ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಬರುವುದಿಲ್ಲ. ಕೊನೆಗೊಂದು ಉಕಾರ ಹಾಕಿ, ಬಾಗಿಲು ಎಳೆದುಕೊಂಡೇ ಬರುತ್ತದೆ. ಒಂದು ಸಂಜೆ ಮೇಷ್ಟ್ರು ಬಂದು, ಮೌಖಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರುತ್ತಾರೆ, ಈ ‘ಎಡ್ಡು’ ಕೇಳಿದರೆ ಸೊನ್ನೆ ಸುತ್ತುತ್ತಾರೆ ಎಂದು ಅಪ್ಪನಿಗೆ ಹೇಳಿಹೋದರು. ಅಪ್ಪನ ಮುಖದಲ್ಲಿ ಅಷ್ಟೇನೂ ಸಂಕಟ ಕಾಣಲಿಲ್ಲ. ಅದನ್ನು ಅಜ್ಜಿ ಗಮನಿಸಿದಳು.

“ಮಗೀಗೆ ನಾಲಿಗೆ ದಪ್ಪ ಕಣೋ,” ಎಂದಳು ಮಗನಿಗೆ. “ಎಳೇದ್ರಲ್ಲಿ ಇವಳಮ್ಮ ಸರ್ಯಾಗಿ ಬಜೆ ತೇಯ್ದಿಲ್ಲ.”

ಒಲೆಯ ಮುಂದಿದ್ದ ಅಮ್ಮ, ತೇಯ್ದದ್ದಕ್ಕೇ ಹುಡುಗಿ ಇಷ್ಟು ಎದುರು ಮಾತಾಡುವುದು ಎಂದು ಗೊಣಗಿದಳು. ಮಾತು ಸ್ಪಷ್ಟವಾಗಲಿ ಎಂದು ಹಸುಗೂಸಿನ ನಾಲಿಗೆಗೆ ತೇಯ್ದು ಸವರುವ ಬೇರು ಬಜೆ. ಕನ್ನಡಕ್ಕೆ ಅಕ್ಕಿಕಾಳಿನಷ್ಟು ಸಾಕು. ಇಂಗ್ಲಿಷಿಗೆ ಎಷ್ಟು ಬೇಕೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಅಜ್ಜಿ ಧಾರಾಳವಾದಳು.

ಮಾರನೆಯ ಬೆಳಿಗ್ಗೆಯಿಂದ ಶುರುವಾಯಿತು. ಬೇರನ್ನು ದೀಪದಲ್ಲಿ ಸುಟ್ಟು, ಹರಳೆಣ್ಣೆ ಬಿಟ್ಟು ಕಲ್ಲಿನ ಮೇಲೆ ತೇಯುವಳು. ನೆನೆದ ಕಂಬಳಿಗೆ ಬೆಂಕಿ ಬಿದ್ದ ವಾಸನೆ. ಬಣ್ಣವನ್ನು ವರ್ಣಿಸಲು ನನ್ನ ಸಂಸ್ಕಾರ ಒಪ್ಪುವುದಿಲ್ಲ. ನಾಲಿಗೆಗೆ ತಾಗಿದರೆ ಮೊದಲು ಖಾರ, ಆಮೇಲೆ ಕಹಿ, ಆಮೇಲೆ ಜೋಮು, ಆಮೇಲೆ ಗಂಟಲಲ್ಲಿ ಮಧ್ಯಾಹ್ನದವರೆಗೂ ಇಳಿಯದ ಜಿಡ್ಡು. ಅಕ್ಕನಿಗಾದ ಮೇಲೆ ಬೆರಳಲ್ಲಿ ಉಳಿದದ್ದನ್ನು ಯಾಕೆ ಹಾಳು ಮಾಡಬೇಕೆಂದು ನನ್ನ ಬಾಯಿಗೆ ಒರೆಸುವಳು. ಆ ಎರಡು ತಿಂಗಳು ನಾವು ತಿಂದದ್ದಕ್ಕೆಲ್ಲ ಅದೇ ರುಚಿ. ಮಾವಿನ ಹೀಚು ಉಪ್ಪುಖಾರ ಹಚ್ಚಿ ಕಚ್ಚಿದರೂ ಬಜೆ, ಕಡ್ಡಿಗೆ ಮೆತ್ತಿದ ಹುಣಸೆ ತೊಕ್ಕು ಚೀಪಿದರೂ ಬಜೆ. ಅಕ್ಕನ ‘ಎಡ್ಡು’ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಮೌಖಿಕ ಪರೀಕ್ಷೆಯ ಬೆಳಿಗ್ಗೆ ಅಜ್ಜಿ ಉಳಿದಿದ್ದ ಅಷ್ಟೂ ಬೇರನ್ನು ತೇಯ್ದು ಅಕ್ಕನಿಗೇ ತಿನ್ನಿಸಿದಳು. ನನ್ನನ್ನು ಆ ದಿನ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಾನೂ ಅಜ್ಜಿಯೂ ಶಾಲೆಯ ಕಿಟಕಿಯ ಹೊರಗೆ ನಿಂತೆವು. ತರೀಕೆರೆ ಕಡೆಯಿಂದ ಬಂದ ಪರೀಕ್ಷಕರು ಬಿಳಿ ಪಂಚೆ ಉಟ್ಟು, ಹೊಸ ಚಪ್ಪಲಿಗಳನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿ ಕೂತಿದ್ದರು. ಅಕ್ಕನಿಗೆ ‘ವಾಕ್’ ಕೊಟ್ಟರು.

ಅಕ್ಕನ ಮುಖ ಹಸಿರಾಗಿತ್ತು. ಹಲ್ಲು ಕಚ್ಚಿ ನಿಂತಿದ್ದಳು.

“ಐ ವಾಕ್,” ಎಂದಳು. “ಐ ವಾಕ್ಡ್.”

ನಂಜುಂಡಪ್ಪ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಉಕಾರವಿಲ್ಲ, ಎಡ್ಡಿಲ್ಲ. ಅದು ಹೊರಬರಲು ಬಾಯಿ ತೆರೆದರೆ ತಾನೆ? ಪರೀಕ್ಷಕರು ಮೆಚ್ಚಿ ತಲೆಯಾಡಿಸಿ, ಮುಂದಿನ ಕಾಲ ಹೇಳಮ್ಮಾ ಎಂದರು. “ಐ ವಿಲ್” ಎನ್ನಲು ಅಕ್ಕ ಬಾಯಿ ಬಿಟ್ಟಳು. ಭವಿಷ್ಯತ್ಕಾಲದ ಬದಲು ಬೆಳಗಿನ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಬಜೆ ಎಲ್ಲವೂ ಒಟ್ಟಾಗಿ ಆ ಹೊಸ ಚಪ್ಪಲಿಗಳ ಮೇಲೆ ಬಂದವು. ಹಿಂದಿನ ಬೆಂಚಿನ ಇಬ್ಬರು ಹುಡುಗರು, ಯಾರೂ ಕೇಳದಿದ್ದರೂ, ಅದನ್ನೇ ಮಾಡಿ ತೋರಿಸಿದರು. ವಾಸನೆಯ ಮಾತು ಬೇಡ.

ಮಕ್ಕಳೆಲ್ಲ ಹೊರಗೆ ಓಡುವಾಗ ಅಜ್ಜಿ ಒಳಗೆ ಹೋದಳು. ಶಾಲೆಯ ಬಿಂದಿಗೆಯಿಂದ ನೀರು ಬಗ್ಗಿಸಿ ಚಪ್ಪಲಿ ತೊಳೆದಳು. ಒಂದನ್ನು ಪರೀಕ್ಷಕರ ಕಾಲ ಬಳಿ ಇಟ್ಟು, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

“ಸ್ವಾಮಿ, ಹುಡ್ಗಿ ಪಾಸಾ?”

“ಪಾಸು ಕಣಮ್ಮ,” ಎಂದರು ಅವರು, ಹೆಗಲ ಮೇಲಿನ ವಲ್ಲಿಯಿಂದ ಮೂಗು ಮುಚ್ಚಿಕೊಂಡೇ. “ಮೊದ್ಲು ಕರ್ಕೊಂಡ್ಹೋಗಿ.”

“ಬರ್ಕೊಳ್ಳಿ. ಆಮೇಲೆ ಹೋಯ್ತೀನಿ.”

ಅವರು ಬರೆದುಕೊಂಡರು. ಏನು ಬರೆದರೆಂದು ಓದಲು ಬಾರದ ಅಜ್ಜಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಕಣ್ಣಲ್ಲೇ ಹೂಂ ಎಂದರು. ಆಮೇಲೆ ಎರಡನೇ ಚಪ್ಪಲಿ ಕೆಳಗಿಳಿಯಿತು.

ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ಅಜ್ಜಿ ಅಕ್ಕನನ್ನು ಒಳಗೆ ಮಲಗಿಸಿ ಹೊರಗೆ ಬಂದಳು. “ಪಾಸಂತೆ,” ಎಂದಳು. “ಕಡೂರು ಬಸ್ಸು ಬೆಳಿಗ್ಗೆ ಎಷ್ಟೊತ್ತಿಗೆ, ಕೇಳ್ಕೊಂಬಾ ಹೋಗು.” ಅಪ್ಪ ಹಗ್ಗವನ್ನು ಕೆಳಗಿಟ್ಟು, ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಈಗ ನಮ್ಮೂರ ಮಕ್ಕಳು ಇಂಗ್ಲಿಷನ್ನು ಎಲೆಯಡಿಕೆ ರಸದಂತೆ ದಾರಿಯುದ್ದಕ್ಕೂ ಉಗಿಯುತ್ತಾರೆ. ಮೂರು ಕಾಲವನ್ನೂ ಕಲಸಿ ಮುದ್ದೆ ಮಾಡಿ ಮಾತಾಡುತ್ತಾರೆ. ತಿದ್ದಲು ಹೋದರೆ ನನ್ನನ್ನೇ ತಿದ್ದುತ್ತಾರೆ. ಯಾರ ಹೊಟ್ಟೆಯೂ ತೊಳಸದೆ ಬಂದ ಆ ಇಂಗ್ಲಿಷ್ ಕೇಳಿದರೆ ನನಗೆ ವಾಕರಿಕೆ. ಯಾರೂ ಫೇಲಾಗುವುದಿಲ್ಲ, ಆದ್ದರಿಂದ ಪಾಸಾಗುವವರೂ ಇಲ್ಲ.

ಅಕ್ಕ ಮೊದಲ ದಿನ ಕಡೂರಿನ ಬಸ್ಸು ಹತ್ತಿದಾಗ ಬೀದಿಯ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನಿಂತಿದ್ದರು. ಒಬ್ಬಳು ಅಳುತ್ತಿದ್ದಳು; ಯಾಕೆಂದು ಅವಳಿಗೂ ಗೊತ್ತಿದ್ದಂತಿರಲಿಲ್ಲ. ಈಗ ಬೆಳಿಗ್ಗೆ ಅದೇ ಜಾಗದಲ್ಲಿ ಹಳದಿ ವ್ಯಾನು ನಿಂತು, ಒಂದು ಹಿಂಡು ಹುಡುಗಿಯರನ್ನು ತುಂಬಿಕೊಂಡು ಹೋಗುತ್ತದೆ. ಯಾರೂ ತಲೆಯೆತ್ತಿ ನೋಡುವುದಿಲ್ಲ. ಒಳ್ಳೆಯದಾಯಿತು ಎನ್ನಬೇಕು. ಎನ್ನುತ್ತೇನೆ ಕೂಡ. ಆದರೂ ವ್ಯಾನು ತಿರುವು ದಾಟುವವರೆಗೆ ನಾನೊಬ್ಬನೇ ನಿಂತಿರುತ್ತೇನೆ.