ಅಕ್ಕೋರ ಸ್ವರ, ಆಟೋದ ಬೆಲ್ಟು

ತೊಂಬತ್ತರ ದಶಕದ ಕೊನೆಯಲ್ಲಿ ಕುಮಟೆಯ ಒಂದು ಟೇಲರ್ ಅಂಗಡಿಯ ಮಾಳಿಗೆಯಲ್ಲಿ ನನ್ನ ಸ್ಟುಡಿಯೋ ಇತ್ತು. ಸದ್ದು ಮಾರ್ದನಿಸದ ಹಾಗೆ ಗೋಡೆಗೆ ಮೊಟ್ಟೆಯ ಟ್ರೇ ಬಡಿದಿದ್ದೆ ಎಂದು ಎಲ್ಲರಿಗೂ ಹೇಳುತ್ತೇನೆ, ಗೋಣಿಚೀಲ ಇದ್ದಿರಲೂಬಹುದು. ಭಟ್ಕಳದಿಂದ ಮಿರ್ಜಾನದವರೆಗೆ ಯಾರು ಅಂಗಡಿ ತೆರೆದರೂ ಅದಕ್ಕೊಂದು ಜಾಹೀರಾತಿನ ಹಾಡು ಕಟ್ಟುವುದು ನನ್ನ ಕಸುಬು. ಚಪ್ಪಲಿಗೂ ಕೀಬೋರ್ಡು, ಸಿಮೆಂಟಿಗೂ ಕೀಬೋರ್ಡು. ಹಾಡು ಕ್ಯಾಸೆಟ್ಟಿಗೆ ಇಳಿದು, ಆಟೋದ ನೆತ್ತಿಯ ಸ್ಪೀಕರಿನಿಂದ ಊರು ಸುತ್ತುತ್ತಿತ್ತು.

ಹೊನ್ನಾವರದ ಒಂದು ಸೀರೆ ಅಂಗಡಿಯ ಹಾಡನ್ನು ಹೊಳನಗದ್ದೆಯ ಅಂಗನವಾಡಿ ಅಕ್ಕೋರು ಹಾಡಿದರು. ನಮ್ಮ ಕಡೆ ಶಿಕ್ಷಕಿಯರೆಲ್ಲ ಅಕ್ಕೋರೇ. ಅವರಿಗಿದ್ದದ್ದು ಒಂದೇ ಆಸೆ: ತಮ್ಮ ಸ್ವರ ಪೇಟೆಯಲ್ಲಿ ಹೋಗುವುದನ್ನು ನಿಂತು ಕೇಳಬೇಕು. ಅದಕ್ಕೆಂದೇ ಒಂದು ಭಾನುವಾರ ಹೊನ್ನಾವರದ ಬಸ್ಸು ಹತ್ತಿದರು. ನಾನೂ ಹೋದೆ.

ಬಸ್‌ಸ್ಟ್ಯಾಂಡಿನ ಎದುರು ಆಟೋ ಬಂತು. ಅದರ ಟೇಪ್‌ರೆಕಾರ್ಡರಿನ ಬೆಲ್ಟು ಸಡಿಲವಾಗಿ ಕ್ಯಾಸೆಟ್ಟು ನಿಧಾನಕ್ಕೆ ಸುತ್ತುತ್ತಿತ್ತು. ಹಾಡುತ್ತಿದ್ದವನು ಒಬ್ಬ ಗಂಡಸು, ಅದೂ ಆಗಷ್ಟೇ ನಿದ್ದೆಯಿಂದ ಎದ್ದವನು.

“ಎಂತದಾ ಇದು? ಯಾರು ಈ ಮನುಷ್ಯ?” ಎಂದರು ಅಕ್ಕೋರು.

“ನೀವೇ,” ಎಂದೆ.

ಅವರು ಕೈ ಅಡ್ಡ ಹಾಕಿ ಆಟೋ ನಿಲ್ಲಿಸಿದರು. “ಬೆಲ್ಟ್ ಹಾಕ್ಸು ಮಾರಾಯಾ.”

“ನಿಧಾನ ಹೋದ್ರೆ ಜನಕ್ಕೆ ಅಂಗಡಿ ಹೆಸರು ಸರೀ ಕೇಳ್ತದೆ ಅಕ್ಕೋರೇ,” ಎಂದ ಡ್ರೈವರು.

“ನಿನ್ನ ಹೆಂಡ್ತಿ ಗಂಡಸಿನ ಸ್ವರದಲ್ಲಿ ಮಾತಾಡಿದ್ರೆ ಆಗ್ತದಾ ನಿಂಗೆ?”

“ಈಗ್ಲೂ ಹಾಗೇ ಅಲ್ವಾ!”

ನನ್ನ ತಲೆ ಓಡಿತು. ಕುಮಟೆಗೆ ಬಂದು ಅದೇ ಹಾಡನ್ನು ವೇಗ ಹೆಚ್ಚಿಸಿ ಹೊಸ ಕ್ಯಾಸೆಟ್ಟಿಗೆ ಇಳಿಸಿದೆ. ಸ್ಟುಡಿಯೋದಲ್ಲಿ ಅದು ಇಲಿಯಂತೆ ಕೀಚುಗುಟ್ಟಿತು. ಆದರೆ ಆ ಸೋಮಾರಿ ಬೆಲ್ಟಿನ ಮೇಲೆ ಅಕ್ಕೋರಾಗಿಯೇ ಹೊರಗೆ ಬರಬೇಕು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಆಟೋದವನಿಗೆ ಕಳಿಸಿದೆ.

ಮುಂದಿನ ಭಾನುವಾರ ಮತ್ತೆ ಇಬ್ಬರೂ ಹೋದೆವು. ಆಟೋ ಬಂತು. ಇಲಿ ಹಾಡುತ್ತಿತ್ತು.

“ಬೆಲ್ಟ್ ಹಾಕ್ಸಿದೆ ಅಕ್ಕೋರೇ!” ಡ್ರೈವರು ಹೆಮ್ಮೆಯಿಂದ ಕೂಗಿದ.

ನಾನು ಈ ಕತೆಯನ್ನು ಯಾವಾಗಲೂ ಇಲ್ಲಿಗೇ ಮುಗಿಸುತ್ತೇನೆ. ಜನ ನಗುತ್ತಾರೆ. ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ ಹೇಳುವಾಗ ಎದುರಿಗೆ ಅಕ್ಕೋರೇ ಇದ್ದರು. ನಗು ನಿಲ್ಲಲಿ ಎಂದು ಕಾದು, ಪಾಯಸ ಪಕ್ಕಕ್ಕೆ ಸರಿಸಿದರು.

“ಆಮೇಲಿಂದು ಹೇಳು.”

“ಆಮೇಲೆ ಎಂತ? ವಾಪಸ್ ಬಂದ್ವು.”

“ನೀನು ನಗ್ತಾ ಚಾ ಕುಡಿಯೂಕೆ ಹೋದೆ. ನಾನು ಅವನ ಹತ್ರ ಮೊದಲಿನ ಕ್ಯಾಸೆಟ್ ಹಾಕು ಅಂದೆ. ಅವನ ಡಬ್ಬಿಯಲ್ಲೇ ಇತ್ತು.”

ಹೊಸ ಬೆಲ್ಟು, ಹಳೆಯ ಕ್ಯಾಸೆಟ್ಟು. ಇಷ್ಟು ವರ್ಷ ಇದು ನನಗೆ ಹೊಳೆದೇ ಇರಲಿಲ್ಲ. ಆ ಚಹಾ ಕೂಡ ನೆನಪಿಲ್ಲ.

“ಹಾಗಾದ್ರೆ ಕೇಳಿದ್ರಾ?”

“ಕೇಳೂದೆಂತ, ಆಟೋದಲ್ಲೇ ಕೂತು ಪೇಟೆ ಸುತ್ತಿದೆ. ಇನ್ನೊಂದು ಸುತ್ತು ಹೋಗು ಅಂದೆ, ಪೆಟ್ರೋಲ್ ಇಲ್ಲ ಅಂತ ಇಳಿಸಿಬಿಟ್ಟ.”